ಆಮ್ಲಜನಕ ಉರಿಯುವುದಿಲ್ಲ, ಉರಿಸುತ್ತದೆ

ಪಾಠಾಭ್ಯಾಸದ ಅವಧಿಯಲ್ಲಿ ಕಕ್ಕೇರಾದ ಪ್ರೌಢಶಾಲೆಯೊಂದರ 8ನೇ ತರಗತಿಗೆ ದಹನದ ಪಾಠ ಮಾಡುತ್ತಿದ್ದೆ. ಆಮ್ಲಜನಕಕ್ಕೆ ಬಣ್ಣ, ವಾಸನೆ, ರುಚಿ ಇಲ್ಲ. ಪರಮಾಣು ಸಂಖ್ಯೆ 8. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ. 21, ಅದು ದಹನಾನುಕೂಲಿ ಎಂದು ಹಲಗೆಯ ಮೇಲೆ ಬರೆದೆ. ಮಕ್ಕಳು ಬರೆದುಕೊಂಡರು. ‘ಹಾಗಾದರೆ ಆಮ್ಲಜನಕ ಉರಿಯುತ್ತದೆಯೇ?’ ಎಂದು ಕೇಳಿದಾಗ ‘ಹೌದು’ ಎಂದು ಹೆಚ್ಚಿನವರು ಕೈ ಎತ್ತಿದರು.

ಒಬ್ಬ ಹುಡುಗಿ ಎದ್ದು ನಿಂತಳು: “ಸರ್, ನಮ್ಮ ಮುತ್ಯಾಗ ಮನ್ಯಾಗ ಆಕ್ಸಿಜನ್ ಮಷೀನ್ ಹಚ್ಯಾರ್ರಿ. ಅದರ ಬಾಜೂಕ ದೀಪ ಹಚ್ಚಬೌದೇನ್ರೀ?”

“ಬೇಡವಾ, ದೀಪ ದೂರ ಇಡ್ರಿ” ಎಂದೆ. ಉತ್ತರ ಸರಿಯಿತ್ತು. ಆದರೆ ಕಾರಣ ತಿಳಿಸದಿದ್ದರೆ ಆ ಮಾತು ಮನೆಯವರೆಗೆ ಹೋಗುವುದಿಲ್ಲ. ಮರುದಿನದ ಪಾಠಯೋಜನೆಯನ್ನು ಬದಲಿಸಿದೆ.

ಪ್ರನಾಳದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ಹಾಕಿ, ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಸೇರಿಸಿದೆ. ನೊರೆಯೆದ್ದು ಆಮ್ಲಜನಕ ಬಂತು. ಬರೀ ಕೆಂಡ ಹಿಡಿದಿದ್ದ ಊದುಬತ್ತಿಯನ್ನು ಒಳಗಿಳಿಸಿದೊಡನೆ ಜ್ವಾಲೆ ಎದ್ದಿತು. “ಈಗ ಉರಿದದ್ದು ಯಾವುದು?” ಎಂದೆ. “ಊದುಬತ್ತಿ!” ಎಂದರು. “ಅನಿಲಕ್ಕೆ ಬೆಂಕಿ ಹತ್ತಿತೇ?” “ಇಲ್ರೀ ಸರ್.” ದಹನಾನುಕೂಲಿ ಎಂಬ ಪದಕ್ಕೆ ಆಗ ಅರ್ಥ ಬಂತು.

ಗಾಳಿಯಲ್ಲಿರುವ ಶೇ. 78ರಷ್ಟು ಸಾರಜನಕ ಉರಿಯುವಿಕೆಯನ್ನು ಹದದಲ್ಲಿಡುತ್ತದೆ. ರೋಗಿಯ ಮೂಗಿನ ಕೊಳವೆಯಿಂದ ಸೋರುವ ಆಮ್ಲಜನಕ ಕೌದಿ, ಬಟ್ಟೆ, ಕೂದಲಿನ ನಡುವೆ ಸೇರುತ್ತದೆ. ಆಗ ಬೀಡಿಯ ಒಂದು ಕಿಡಿಯೂ ಬಟ್ಟೆಗೆ ಜ್ವಾಲೆ ಹತ್ತಿಸಬಲ್ಲದು. ಆದ್ದರಿಂದ ಮಕ್ಕಳು ಮನೆಗೆ ಒಯ್ಯಬೇಕಾದ ಮಾತುಗಳು ಇವು: ದೀಪ, ಒಲೆ, ಬೀಡಿ ದೂರವಿರಲಿ, ಕಿಟಕಿ ತೆರೆದಿರಲಿ, ಸಿಲಿಂಡರಿನ ವಾಲ್ವಿಗೆ ಎಣ್ಣೆ, ಗ್ರೀಸ್ ಹಚ್ಚಬಾರದು. ವೆಲ್ಡಿಂಗ್ ಅಂಗಡಿಯ ಸಿಲಿಂಡರಿಗೂ ಈ ಕೊನೆಯ ಮಾತು ಅನ್ವಯಿಸುತ್ತದೆ. ಒತ್ತಡದಲ್ಲಿರುವ ಆಮ್ಲಜನಕ ತಾಗಿದರೆ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳಬಹುದು.

ಅಪಾಯವನ್ನಷ್ಟೇ ಹೇಳಿ ಪಾಠ ಮುಗಿಸಿದರೆ ಇನ್ನೊಂದು ತಪ್ಪಾಗುತ್ತದೆ. ಹೆದರಿ ಯಾರಾದರೂ ಮಷೀನನ್ನೇ ಬಂದ್ ಮಾಡಿಯಾರು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಕೋವಿಡ್ ರೋಗಿಗಳು ಪ್ರಾಣ ಬಿಟ್ಟರು. ಅದೇ ಕಾಲದಲ್ಲಿ ಬಳ್ಳಾರಿ ಕಡೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ದ್ರವ ಆಮ್ಲಜನಕ ಟ್ಯಾಂಕರುಗಳಲ್ಲಿ ಆಸ್ಪತ್ರೆಗಳಿಗೆ ಹೋಯಿತು. ಗಾಳಿಯನ್ನು ತಣಿಸಿ ಬೇರ್ಪಡಿಸುವ ಆಮ್ಲಜನಕ ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವವಾಗುತ್ತದೆ. ಕಬ್ಬಿಣದಲ್ಲಿನ ಹೆಚ್ಚುವರಿ ಇಂಗಾಲವನ್ನು ಉರಿಸಿ ಉಕ್ಕು ಮಾಡುವುದೂ, ರೋಗಿಯ ಉಸಿರು ಉಳಿಸುವುದೂ ಇದೇ ಧಾತು.

ಎರಡು ದಿನದ ನಂತರ ಆ ಹುಡುಗಿ, “ದೀಪ ಪಡಸಾಲಿಗೆ ಇಟ್ಟೀವ್ರಿ ಸರ್. ಮುತ್ಯಾ ಬೀಡಿ ಬಿಡವಲ್ಲ” ಎಂದಳು. ಊದುಬತ್ತಿಯ ಪ್ರಯೋಗವನ್ನು ಮುತ್ಯಾಗೆ ವಿವರಿಸಿ ಹೇಳು ಎಂದೆ. ನನ್ನ ಘಟಕ ಪರೀಕ್ಷೆಯಲ್ಲಿ ‘ಆಮ್ಲಜನಕದ ಗುಣಗಳನ್ನು ಪಟ್ಟಿ ಮಾಡಿ’ ಎಂಬ ಪ್ರಶ್ನೆಯನ್ನು ತೆಗೆದು, ‘ಆಮ್ಲಜನಕ ತಾನು ಉರಿಯದಿದ್ದರೂ ಅದರ ಬಳಿ ಬೀಡಿ ಏಕೆ ಸೇದಬಾರದು?’ ಎಂದು ಬರೆದಿದ್ದೇನೆ.