ತಿಂಗಳಿಗೊಂದು ರಾತ್ರಿಯ ರಾಜ!

ಮೈಮೇಲೆ ಠಾಕುಠೀಕು ಸೂಟು, ಜೇಬಿನಲ್ಲಿ ಸಾಲದ ಚೀಟಿ! ಇಂಥ ಹೀರೋಗಳನ್ನು ನೀವು ತೆರೆಯ ಮೇಲೆ ಬೇಕಾದಷ್ಟು ನೋಡಿದ್ದೀರಿ. ಆದರೆ ಪ್ರಾಗ್ ನಗರದ ಆಲೋಯಿಸ್ ನೊವಾಕ್ ಎಂಬ ಗುಮಾಸ್ತನಷ್ಟು ಸೊಗಸಾಗಿ ಸುಳ್ಳು ಹೇಳುವ ಇನ್ನೊಬ್ಬನನ್ನು ನಾನಂತೂ ಕಂಡಿಲ್ಲ. ಚಿತ್ರದ ಹೆಸರು 'ಕ್ರಿಸ್ಟಿಯಾನ್'. ಚೆಕ್ ಭಾಷೆಯದು, 1939ರದು, ಕಪ್ಪು-ಬಿಳುಪು. ಫೈಟಿಂಗ್ ಇಲ್ಲ, ಖಳನಾಯಕ ಇಲ್ಲ, ಕೊನೆಗೆ ಪೊಲೀಸರೂ ಬರೋದಿಲ್ಲ! ಆದರೂ ಚೆಕ್ ಜನ ಇವತ್ತಿಗೂ ಅದರ ಡೈಲಾಗು ಹೇಳಿಕೊಂಡು ನಗ್ತಾರೆ.

ಕಥೆ ಕೇಳಿ. ನಮ್ಮ ನೊವಾಕ್ ಒಂದು ಟ್ರಾವೆಲ್ ಆಫೀಸಿನಲ್ಲಿ ಸಣ್ಣ ಗುಮಾಸ್ತ. ಜಗತ್ತಿನ ಊರುಗಳಿಗೆಲ್ಲ ಟಿಕೆಟ್ ಕೊಡುವ ಕೆಲಸ. ತಾನು ಮಾತ್ರ ಎಲ್ಲಿಗೂ ಹೋದವನಲ್ಲ. ಮನೆಯಲ್ಲಿ ಮಾರಿ ಎಂಬ ಒಳ್ಳೆಯ ಹೆಂಡತಿ. ಕಾಸಿಗೆ ಕಾಸು ಜೋಡಿಸಿ ಸಂಸಾರ ತೂಗಿಸುವಾಕೆ. ಅಂದಹಾಗೆ, ಚೆಕ್ ನಾಡಿನಲ್ಲಿ ಎಲ್ಲಿ ಕಲ್ಲೆಸೆದರೂ ಅದು ಒಬ್ಬ ನೊವಾಕ್‌ನ ತಲೆಗೇ ತಾಗುತ್ತದೆ. ಅಷ್ಟು ಸಾಮಾನ್ಯವಾದ ಹೆಸರು ಅದು. ಅಂದರೆ ಈತ ಒಬ್ಬ 'ಯಾರೋ', ಅಷ್ಟೆ.

ಆದರೆ ತಿಂಗಳಿಗೊಂದು ರಾತ್ರಿ ಈ ಯಾರೋ ಮಾಯವಾಗುತ್ತಾನೆ. 'ಒರಿಯೆಂಟ್' ಬಾರಿನ ಬಾಗಿಲಲ್ಲಿ ಇಳಿಯುವವನು ಕ್ರಿಸ್ಟಿಯಾನ್! ತಲೆ ನುಣುಪಾಗಿ ಬಾಚಿದೆ, ನಡೆ ರಾಜನದು, ಮಾತು ಜೇನು. ಬಾರಿನ ಸಿಬ್ಬಂದಿಗೆಲ್ಲ ಅವತ್ತು ಹಬ್ಬ. ಯಾಕೆಂದರೆ ತಿಂಗಳೆಲ್ಲ ಉಳಿಸಿದ್ದನ್ನು ಈತ ಟಿಪ್ಸಿನಲ್ಲೇ ಉಡಾಯಿಸಿಬಿಡುತ್ತಾನೆ. ಯಾವಳೋ ಒಬ್ಬ ಸುಂದರಿಯ ಎದುರು ಕೂತು ದೂರದ ದೇಶಗಳ ಬಣ್ಣನೆ ಮಾಡುತ್ತಾನೆ. ಕಂಡು ಬಂದವನ ಹಾಗೆ! ದಿನವಿಡೀ ಆಫೀಸಿನಲ್ಲಿ ಅವನ ಕಣ್ಣೆದುರಿಗಿರುವುದು ಅವೇ ಊರುಗಳ ಹೆಸರು ತಾನೆ? ಅವಳು ಕರಗಿದಳು ಅನ್ನುವಾಗ "ಕಣ್ಣು ಮುಚ್ಚಿಕೊಳ್ಳಿ, ನಾನು ಹೊರಟೆ" ಅಂತಾನೆ. ಕಣ್ಣು ತೆರೆದರೆ ಆಸಾಮಿ ನಾಪತ್ತೆ. ಜನ ಇವತ್ತಿಗೂ ಹೇಳೋ ಡೈಲಾಗು ಇದೇ.

ಇಲ್ಲೊಂದು ವಿಷಯ ಗಮನಿಸಿ. ಅವನಿಗೆ ಬೇಕಾದದ್ದು ಹೆಣ್ಣಲ್ಲ. ಹಾಗಿದ್ದರೆ ಸಮಯ ನೋಡಿ ಕಳಚಿಕೊಳ್ಳುತ್ತಿರಲಿಲ್ಲ. ಒಂದು ರಾತ್ರಿ ನಾಲ್ಕು ಜನ ಎದ್ದು ನಿಂತು ನಮಸ್ಕಾರ ಹೊಡೆಯಬೇಕು, ತಾನು ಹೇಳಿದ್ದನ್ನು ಒಬ್ಬಳಾದರೂ ಬಾಯಿ ಬಿಟ್ಟು ಕೇಳಬೇಕು... ಅವನ ಆಸೆ ಅಷ್ಟೆ. ತಿಂಗಳ ಮೊದಲ ತಾರೀಖು ಸಂಬಳದ ಕವರು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲವೆ?

ಸುಳ್ಳು ಎಷ್ಟು ದಿನ ನಡೆದೀತು? ಸುಜಾನಾ ಎಂಬ ಶ್ರೀಮಂತ ಸುಂದರಿ ಕಣ್ಣು ಮುಚ್ಚಿ ಸುಮ್ಮನೆ ಕೂರುವ ಪೈಕಿ ಅಲ್ಲ. ಹುಡುಕುತ್ತಾ ಹುಡುಕುತ್ತಾ ನೇರ ಆಫೀಸಿಗೇ ಬಂದುಬಿಡುತ್ತಾಳೆ! ನನಗೆ ಇಡೀ ಚಿತ್ರದಲ್ಲಿ ಮೆಚ್ಚಿಗೆಯಾದದ್ದು ಇದೇ. ಎದುರಿಗೆ ನಿಂತವನದು ಅದೇ ಮುಖ, ಅದೇ ಮೂಗು. ಆದರೆ ಮನುಷ್ಯನೇ ಬೇರೆ. ಮೇಕಪ್ಪಿನ ಮ್ಯಾಜಿಕ್ ಅಲ್ಲ ಸ್ವಾಮಿ, ನಟನೆ! ಓಲ್ಡ್‌ರಿಖ್ ನೋವಿ ಅಂದರೆ ಅಂಥ ನಟ. ಆಗ ಅವನಿಗೆ 40. ವರ್ಷಗಟ್ಟಲೆ ಬರ್ನೋ ನಗರದ ಸಂಗೀತ ನಾಟಕಗಳಲ್ಲಿ ಪಳಗಿ ಪ್ರಾಗ್‌ಗೆ ಬಂದವನು. ನಿರ್ದೇಶಕ ಮಾರ್ಟಿನ್ ಫ್ರಿಚ್ 80ಕ್ಕೂ ಹೆಚ್ಚು ಚಿತ್ರ ಮಾಡಿದ ಕಸುಬುದಾರ. ಕಥೆಯ ಮೂಲ ಇವಾನ್ ನೊಯೆ ಎಂಬ ಫ್ರೆಂಚ್ ನಾಟಕಕಾರನದು. ಕೊನೆಗೆ ಗಂಡ-ಹೆಂಡತಿ ಒಬ್ಬರನ್ನೊಬ್ಬರು ಹೊಸದಾಗಿ ಕಂಡುಕೊಳ್ಳುತ್ತಾರೆ. ಆ ಭಾಗ ಸ್ವಲ್ಪ ಅವಸರದ ಅಡಿಗೆ ಅಂತ ನನ್ನ ಅಭಿಪ್ರಾಯ. ಆದರೆ ಮಾರಿಯಾದ ನಟಾಶಾ ಗೊಲ್ಲೋವಾಗೆ ಆ ತಪ್ಪೂ ಮಾಫಿ!

ಇನ್ನು ತೆರೆಯ ಹಿಂದಿನ ಕಥೆ. ಅದರಲ್ಲಿ ನಗು ಇಲ್ಲ.

1939ರ ಮಾರ್ಚ್ 15ರಂದು ಹಿಟ್ಲರನ ಸೈನ್ಯ ಪ್ರಾಗ್‌ಗೆ ನುಗ್ಗಿತು. ಸೆಪ್ಟೆಂಬರಿನಲ್ಲಿ 'ಕ್ರಿಸ್ಟಿಯಾನ್' ಬಿಡುಗಡೆಯಾಗುವ ಹೊತ್ತಿಗೆ ಮಹಾಯುದ್ಧವೇ ಶುರುವಾಗಿತ್ತು. ಹೊರಗೆ ಬೀದಿಯಲ್ಲಿ ಜರ್ಮನ್ ಬೂಟುಗಳ ಸದ್ದು. ಒಳಗೆ ಕತ್ತಲಲ್ಲಿ ಎಲ್ಲಿಗೂ ಹೋಗಲಾರದ ಗುಮಾಸ್ತ ಜಗತ್ತು ಸುತ್ತಿದ ಕಥೆ ಹೇಳುತ್ತಿದ್ದಾನೆ. ಆ ಜನರಿಗೆ ಅದು ಹೇಗೆ ಕೇಳಿಸಿರಬೇಕು! ನಿಮ್ಮ ವಯಸ್ಸಿನ ಹುಡುಗರೂ ಅಲ್ಲಿ ಕೂತು ನಕ್ಕಿದ್ದಾರು. ನವೆಂಬರ್ 17ಕ್ಕೆ ನಾಜಿಗಳು ಚೆಕ್ ಕಾಲೇಜುಗಳನ್ನೆಲ್ಲ ಮುಚ್ಚಿಸಿದರು. ವಿದ್ಯಾರ್ಥಿ ಚಳವಳಿಯ 9 ಮಂದಿಯನ್ನು ಕೊಂದರು. ಸಾವಿರಕ್ಕೂ ಹೆಚ್ಚು ಹುಡುಗರನ್ನು ಜರ್ಮನಿಯ ಸೆರೆ ಶಿಬಿರಕ್ಕೆ ಸಾಗಿಸಿದರು.

ನೋವಿಯ ಹೆಂಡತಿ ಆಲಿಸ್ ಯೆಹೂದಿ. ಆ ಕಾಲದಲ್ಲಿ ಯೆಹೂದಿ ಹೆಂಡತಿಯಿದ್ದ ನಟ ಒಂದು ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿದ್ದರೆ ಸಾಕು, ಅವನ ದಾರಿ ಸಲೀಸು. ಆದರೆ ಅವಳಿಗೆ ಗಂಡನ ಆಸರೆ ತಪ್ಪಿದರೆ ಸಾವೇ ಗತಿ. ತೆರೆಯ ಮೇಲೆ ಅಷ್ಟು ಸುಂದರಿಯರಿಗೆ ಸುಳ್ಳು ಹೇಳಿದವನು ಆ ಸಹಿ ಹಾಕಲಿಲ್ಲ. 1944ರಲ್ಲಿ ಅವನನ್ನು ಕೂಲಿ ಶಿಬಿರಕ್ಕೆ ಕಳಿಸಿದರು, ಅವಳನ್ನು ತೆರೆಜಿನ್ ಶಿಬಿರಕ್ಕೆ. ಪುಣ್ಯಕ್ಕೆ ಇಬ್ಬರೂ ಬದುಕಿ ಬಂದರು.

ನಾಯಕಿಯರಿಗೆ ಯುದ್ಧ ಮುಗಿದ ಮೇಲೆ ಕಷ್ಟ ಶುರುವಾಯಿತು. ಸುಜಾನಾ ಆಗಿದ್ದ ಆದಿನಾ ಮಾಂಡ್ಲೋವಾ, ಜರ್ಮನರ ಜೊತೆ ಸೇರಿದ್ದಳು ಎಂಬ ಆಪಾದನೆಯ ಮೇಲೆ ಜೈಲು ಕಂಡಳು. ಆಮೇಲೆ ಇಂಗ್ಲೆಂಡ್ ಸೇರಿದಳು. ಗೊಲ್ಲೋವಾ ಮೇಲೂ ಅದೇ ಮಾತು ಬಂತು. ಅವಳು ತೆರೆಜಿನ್‌ಗೆ ಹೋಗಿ ಟೈಫಸ್ ರೋಗಿಗಳ ಸೇವೆಗೆ ನಿಂತಳು. ಆ ರೋಗ ಅವಳಿಗೂ ಅಂಟಿತು. ವರ್ಷಗಟ್ಟಲೆ ಸಿನಿಮಾ ಬಾಗಿಲು ಅವಳಿಗೆ ತೆರೆಯಲಿಲ್ಲ. ಕೊನೆಗೆ ಚಕ್ರವರ್ತಿ ಮತ್ತು ರೊಟ್ಟಿ ಮಾಡುವವನೊಬ್ಬನ ಮೇಲಿನ ಬಣ್ಣದ ಚಿತ್ರದಲ್ಲಿ ಅವಳನ್ನು ಕರೆದು ಪಾತ್ರ ಕೊಟ್ಟವನು ಇದೇ ಫ್ರಿಚ್.

ನೋವಿಗೂ ಅವನೇ 1949ರಲ್ಲಿ ಒಂದು ಹಾಸ್ಯ ಚಿತ್ರ ಮಾಡಿದ. ಹಳೆಯ ಪ್ರೇಮ ಚಿತ್ರಗಳನ್ನೆಲ್ಲ ಅಣಕಿಸುವ ಚಿತ್ರ. ಅದರ ನಾಯಕ ಹಳೆಯ ಪ್ರೇಮ ಚಿತ್ರಗಳ ನಾಯಕನೇ! ಯಾರನ್ನು ನೋಡಿ ಊರೆಲ್ಲ ಮರುಳಾಗಿತ್ತೋ ಅವನೇ ತನ್ನ ಮುಖ, ತನ್ನ ಠೀವಿ ಎಲ್ಲವನ್ನೂ ಮುಂದಿಟ್ಟು, "ನಗ್ರಪ್ಪ" ಎನ್ನುವ ಹಾಗೆ ಅಭಿನಯಿಸಿದ್ದಾನೆ.