ಸಣ್ಣ ತಳಿಯ ಕುದುರೆಗಳಲ್ಲಿ ನವಜಾತ ಮರಿ ಹಾಗೂ ತಾಯಿಯ ಪಾಲನೆ

ಕುದುರೆಯು ಹಸು, ಎಮ್ಮೆಗಳಂತೆ ಊರಿನ ಪ್ರತಿ ಕೊಟ್ಟಿಗೆಯಲ್ಲಿ ಕಾಣಸಿಗುವ ಪ್ರಾಣಿಯಲ್ಲ. ಹಸು ಈಯುವಾಗ ಅನುಸರಿಸಬೇಕಾದ ಕ್ರಮಗಳನ್ನು ಹಿರಿಯರಿಂದ ಅರಿತಿರುವ ಪಾಲಕರು ಅದೇ ತಿಳಿವಳಿಕೆಯನ್ನು ಕುದುರೆಗೂ ಅನ್ವಯಿಸುವುದು ಸಹಜವಾದರೂ, ಅದರಿಂದ ಅನೇಕ ಬಾರಿ ಹಾನಿಯೇ ಉಂಟಾಗುತ್ತದೆ. ಹಸುವಿನಲ್ಲಿ ಕಸ (ಸತ್ತೆ) ಬೀಳಲು ಅರ್ಧ ದಿನದವರೆಗೆ ಕಾಯುವ ರೂಢಿಯಿದೆ; ಕುದುರೆಯಲ್ಲಿ 3 ಗಂಟೆ ಮೀರಿದರೆ ತಾಯಿಯ ಪ್ರಾಣಕ್ಕೇ ಅಪಾಯ. ಹಸುವಿನ ಹೆರಿಗೆ ಕೆಲವು ಗಂಟೆಗಳ ಕಾಲ ನಡೆಯಬಹುದು. ಕುದುರೆಯಲ್ಲಿ ನೀರು ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿಯು ಹೊರಬರಬೇಕು. ಈ ಎರಡು ವ್ಯತ್ಯಾಸಗಳನ್ನು ಮನದಟ್ಟು ಮಾಡಿಕೊಳ್ಳುವುದು ಅತ್ಯವಶ್ಯ.

ಸಣ್ಣ ತಳಿ ಎಂದರೆ ಯಾವುದು?

ಮಿನಿಯೇಚರ್ ಎಂದು ಕರೆಯಲಾಗುವ ಪುಟ್ಟ ಕುದುರೆಗಳು ಭಾರತೀಯ ಮೂಲದವಲ್ಲ. ಅರ್ಜೆಂಟೀನಾದ ಫಲಬೆಲ್ಲಾ ತಳಿಯು ಇವುಗಳಲ್ಲಿ ಪ್ರಸಿದ್ಧವಾದುದು. ಅಮೆರಿಕದಲ್ಲಿ 1978ರಲ್ಲಿ ಸ್ಥಾಪನೆಯಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ ಸಂಸ್ಥೆಯು ಕೇಸರದ ಕೊನೆಯ ಕೂದಲಿರುವ ಸ್ಥಳದಲ್ಲಿ ಅಳೆದ ಎತ್ತರವು 34 ಅಂಗುಲ, ಅಂದರೆ ಸುಮಾರು 86 ಸೆಂ.ಮೀ. ಮೀರದ ಕುದುರೆಗಳನ್ನು ಮಾತ್ರ ನೋಂದಾಯಿಸುತ್ತದೆ. ಹುಟ್ಟಿದ ಮರಿಯ ತೂಕವು ಸಾಮಾನ್ಯವಾಗಿ 8ರಿಂದ 11 ಕಿ.ಗ್ರಾಂ. ಇರುತ್ತದೆ. ಪಂದ್ಯದ ಥರೋಬ್ರೆಡ್ ಕುದುರೆಯ ಮರಿಯು ಸುಮಾರು 50 ಕಿ.ಗ್ರಾಂ. ತೂಗುವುದನ್ನು ಇದರೊಡನೆ ಹೋಲಿಸಿದರೆ, ಎಲ್ಲ ಪ್ರಮಾಣಗಳೂ ಏಕೆ ಬದಲಾಗುತ್ತವೆ ಎಂಬುದು ತಿಳಿಯುತ್ತದೆ. ದೊಡ್ಡ ಕುದುರೆಗೆ ಬರೆದುಕೊಟ್ಟ ಔಷಧಿಯ ಪ್ರಮಾಣವನ್ನು ಅಂದಾಜಿನ ಮೇಲೆ ಇವುಗಳಿಗೆ ನೀಡತಕ್ಕದ್ದಲ್ಲ.

ನಮ್ಮಲ್ಲಿ ಟಾಂಗಾ ಎಳೆಯುವ ತಟ್ಟುಗಳನ್ನು ಸಾಕುವವರಿಗೂ ಕೆಳಗಿನ ವಿವರಗಳಲ್ಲಿ ಬಹುಪಾಲು ಅನ್ವಯಿಸುತ್ತವೆ.

ಈಯುವ ಮುನ್ನ

ಗರ್ಭಾವಧಿಯು ಸುಮಾರು 11 ತಿಂಗಳು. ಗರ್ಭ ಕಟ್ಟಿಸಿದ ದಿನಾಂಕವನ್ನು ಬರೆದಿಡದ ಪಾಲಕರು ಕೊನೆಯ ತಿಂಗಳಿನಲ್ಲಿ ರಾತ್ರಿಯೆಲ್ಲ ನಿದ್ದೆಗೆಡುವುದಷ್ಟೇ ಉಳಿಯುತ್ತದೆ. ಒಂದು ಸಾಮಾನ್ಯ ನೋಟ್ ಪುಸ್ತಕದಲ್ಲಿ ದಿನಾಂಕ, ಲಸಿಕೆ, ಜಂತುನಾಶಕ, ಮೇವಿನ ಪ್ರಮಾಣ ಇವುಗಳನ್ನು ನಮೂದಿಸಿಕೊಂಡಲ್ಲಿ ಪಶುವೈದ್ಯರಿಗೂ ಅನುಕೂಲವಾಗುತ್ತದೆ. ಅಂಗಡಿಯ ಲೆಕ್ಕವನ್ನು ದಿನವೂ ಬರೆಯುವವರು ಲಾಯದ ಲೆಕ್ಕವನ್ನು ಬರೆಯದಿರಲು ಕಾರಣವಿಲ್ಲ.

ಈಯುವುದಕ್ಕೆ 4ರಿಂದ 6 ವಾರಗಳ ಮೊದಲು ಧನುರ್ವಾಯು ಲಸಿಕೆಯನ್ನು ಹಾಕಿಸತಕ್ಕದ್ದು. ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲಿಯೂ ಕುದುರೆಯ ಲದ್ದಿಯಲ್ಲಿಯೂ ಇರುತ್ತವೆ. ಈ ಕಾಯಿಲೆಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ವಿರಳ. ಈ ಸಮಯದಲ್ಲಿ ನೀಡಿದ ಲಸಿಕೆಯ ಫಲವು ಗಿಣ್ಣು ಹಾಲಿನ ಮೂಲಕ ಮರಿಗೂ ದೊರೆಯುತ್ತದೆ.

ಲಾಯದಲ್ಲಿ ಒಣಗಿದ ಭತ್ತದ ಹುಲ್ಲನ್ನು ದಪ್ಪವಾಗಿ ಹಾಸಬೇಕು. ಮರದ ಹೊಟ್ಟು ಅಗ್ಗವೆಂದು ಹಾಸುವುದು ಸರಿಯಲ್ಲ. ಅದು ಒದ್ದೆ ಮರಿಯ ಮೂಗಿಗೂ ಹೊಕ್ಕುಳಿಗೂ ಅಂಟಿಕೊಳ್ಳುತ್ತದೆ. ಬೇಲಿ, ಬಾಗಿಲುಗಳ ಸಂದಿಗಳನ್ನು ಮರಿಯ ಗಾತ್ರಕ್ಕೆ ತಕ್ಕಂತೆ ಮುಚ್ಚಬೇಕು. ಹಸುವಿನ ಕರು ನುಸುಳಲಾರದ ಸಂದಿಯಲ್ಲಿ ಈ ಮರಿಯು ನುಸುಳಿ ಹೋಗುತ್ತದೆ, ಬೀದಿ ನಾಯಿಗಳೂ ಅದೇ ದಾರಿಯಲ್ಲಿ ಒಳಬರುತ್ತವೆ. ನೀರಿನ ತೊಟ್ಟಿಯು ಮರಿ ಬಿದ್ದರೆ ಏಳಲಾಗದಷ್ಟು ಆಳವಾಗಿರಬಾರದು.

ಹೆರಿಗೆಯ ಸಮಯ

ದಿನ ಹತ್ತಿರವಾದಂತೆ ಕೆಚ್ಚಲು ತುಂಬಿಕೊಳ್ಳುತ್ತದೆ, ಬಾಲದ ಬುಡದ ಎರಡೂ ಕಡೆ ಮಾಂಸವು ಸಡಿಲವಾಗುತ್ತದೆ. ಮೊಲೆತೊಟ್ಟಿನ ತುದಿಯಲ್ಲಿ ಮೇಣದಂತಹ ಹನಿಯು ಗಟ್ಟಿಯಾಗಿ ನಿಂತಿದ್ದರೆ ಬಹುತೇಕ ಒಂದೆರಡು ದಿನಗಳಲ್ಲಿ ಈಯುವುದೆಂದು ತಿಳಿಯಬಹುದು. ಆದರೆ ಈ ಲಕ್ಷಣಗಳನ್ನು ತೋರಿಸದೆಯೇ ಈಯುವ ಕುದುರೆಗಳೂ ಇವೆ. ಹೆಚ್ಚಿನ ಕುದುರೆಗಳು ಜನಸಂಚಾರ ನಿಂತ ಮೇಲೆ, ರಾತ್ರಿ ವೇಳೆಯಲ್ಲಿ ಈಯುತ್ತವೆ. ನೋಡಿಕೊಳ್ಳುವವರು ದೂರದಲ್ಲಿದ್ದು ಸದ್ದಿಲ್ಲದೆ ಗಮನಿಸುವುದು ಲೇಸು.

ಸರಿಯಾದ ಹೆರಿಗೆಯಲ್ಲಿ ಮೊದಲು ಬಿಳುಪಾದ, ಪಾರದರ್ಶಕ ಚೀಲವೂ ಅದರೊಳಗೆ ಒಂದರ ಹಿಂದೆ ಒಂದಾಗಿ ಎರಡು ಮುಂಗಾಲುಗಳೂ, ಅವುಗಳ ಮೇಲೆ ಒರಗಿದ ಮೂತಿಯೂ ಕಾಣುತ್ತವೆ. ಗೊರಸಿನ ಅಡಿಭಾಗವು ನೆಲದ ಕಡೆಗೆ ಇರಬೇಕು. ಒಂದೇ ಕಾಲು ಕಂಡರೆ, ಮೂತಿ ಕಾಣದಿದ್ದರೆ ಅಥವಾ ನೀರು ಒಡೆದು 15ರಿಂದ 20 ನಿಮಿಷಗಳಾದರೂ ಮುಂದುವರಿಯದಿದ್ದರೆ ಪಶುವೈದ್ಯರಿಗೆ ಕರೆ ಮಾಡುವುದನ್ನು ಒಂದು ನಿಮಿಷವೂ ತಡಮಾಡಬಾರದು. ಪುಟ್ಟ ತಳಿಗಳಲ್ಲಿ ಮರಿಯ ತಲೆಯು ದೇಹಕ್ಕೆ ಹೋಲಿಸಿದರೆ ದೊಡ್ಡದು, ಹಣೆಯು ಉಬ್ಬಿದುದು. ತಾಯಿಯ ಪ್ರಸವ ಮಾರ್ಗವೋ ಕಿರಿದು. ಆದ್ದರಿಂದ ಕಷ್ಟದ ಹೆರಿಗೆಗಳು ಇವುಗಳಲ್ಲಿ ಹೆಚ್ಚು. ನಾಲ್ಕು ಜನ ಸೇರಿ ಹಗ್ಗ ಕಟ್ಟಿ ಎಳೆಯುವ ಪದ್ಧತಿಯು ಇಲ್ಲಿ ತಾಯಿ, ಮರಿ ಎರಡನ್ನೂ ಕಳೆದುಕೊಳ್ಳುವ ದಾರಿಯಾಗಿದೆ.

ವೈದ್ಯರು ಬರುವವರೆಗೆ ಕಾಯಲಾಗದ ಸಂದರ್ಭ ಒಂದೇ ಒಂದು. ಬಿಳಿ ಚೀಲದ ಬದಲಿಗೆ ಮಖಮಲ್ ಬಟ್ಟೆಯಂತಹ ಕೆಂಪು ಚೀಲವು ಮೊದಲು ಹೊರಬಂದರೆ, ಕಸವು ಗರ್ಭಕೋಶದಿಂದ ಮೊದಲೇ ಕಳಚಿಕೊಂಡಿದೆ ಮತ್ತು ಒಳಗಿರುವ ಮರಿಗೆ ಉಸಿರಾಟದ ಆಧಾರ ತಪ್ಪಿದೆ ಎಂದು ಅರ್ಥ. ಆ ಕೂಡಲೇ ಮೊಂಡು ತುದಿಯ ಕತ್ತರಿಯಿಂದ ಚೀಲವನ್ನು ಕತ್ತರಿಸಿ, ತಾಯಿಯು ಮುಕ್ಕುವಾಗಲೆಲ್ಲ ಮರಿಯನ್ನು ಕೆಳಮುಖವಾಗಿ ಮೆಲ್ಲನೆ ಎಳೆದು ಹೊರತೆಗೆಯಬೇಕು. ಅದೇ ಸಮಯದಲ್ಲಿ ಮತ್ತೊಬ್ಬರು ವೈದ್ಯರಿಗೆ ಕರೆ ಮಾಡತಕ್ಕದ್ದು.

ಮರಿಯು ಹೊರಬಂದ ಮೇಲೆ ಮೂಗಿನ ಮೇಲಿನ ಪೊರೆಯನ್ನು ತೆಗೆದು, ಒಣ ಬಟ್ಟೆಯಿಂದ ಮೈಯನ್ನು ಉಜ್ಜಬೇಕು. ಹೊಕ್ಕುಳ ಬಳ್ಳಿಯನ್ನು ಕತ್ತರಿಸುವ ಅಗತ್ಯವಿಲ್ಲ. ತಾಯಿಯು ಎದ್ದು ನಿಂತಾಗ ಅಥವಾ ಮರಿಯು ಮಿಸುಕಾಡಿದಾಗ ತಾನಾಗಿ ಹರಿಯುತ್ತದೆ. ಆನಂತರ 0.5 ಪ್ರತಿಶತ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಬಳ್ಳಿಯ ತುದಿಯನ್ನು ಅದ್ದಬೇಕು. ಮೊದಲ ಕೆಲವು ದಿನ, ದಿನಕ್ಕೆ ಎರಡು ಮೂರು ಸಲ ಹೀಗೆ ಮಾಡಬೇಕು. ತೀಕ್ಷ್ಣವಾದ ಟಿಂಕ್ಚರ್ ಅಯೋಡಿನ್ ಹಚ್ಚುವ ಹಳೆಯ ರೂಢಿಯಿಂದ ಎಳೆಯ ಚರ್ಮವು ಸುಡುವುದು ಕಂಡುಬಂದಿರುತ್ತದೆ. ಸಗಣಿ, ಬೂದಿ, ಅರಿಶಿನ ಇತ್ಯಾದಿಗಳನ್ನು ಮೆತ್ತಲೇಬಾರದು.

ಒಂದು, ಎರಡು, ಮೂರು

ಜಗತ್ತಿನೆಲ್ಲೆಡೆ ಕುದುರೆ ಪಾಲಕರು ನೆನಪಿಡುವ ಸೂತ್ರವೊಂದಿದೆ: ಒಂದು ಗಂಟೆಯೊಳಗೆ ಮರಿಯು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಕಸ ಬೀಳಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಬೆಳಗಾಗುವವರೆಗೆ ಕಾಯುವಂತಿಲ್ಲ.

ಎರಡನೆಯದಾದ ಹಾಲಿನ ವಿಷಯವನ್ನು ವಿವರವಾಗಿ ತಿಳಿಯಬೇಕಾಗಿದೆ. ಮನುಷ್ಯರ ಶಿಶುವು ರೋಗನಿರೋಧಕ ಅಂಶಗಳನ್ನು ತಾಯಿಯ ಗರ್ಭದಲ್ಲಿಯೇ ಪಡೆದು ಹುಟ್ಟುತ್ತದೆ. ಕುದುರೆಯ ಕಸದ ರಚನೆಯು ಬೇರೆಯಾಗಿರುವುದರಿಂದ ಈ ಅಂಶಗಳು ಮರಿಗೆ ದಾಟುವುದಿಲ್ಲ. ಮರಿಯು ರಕ್ಷಣೆಯಿಲ್ಲದೆ ಹುಟ್ಟಿ, ಗಿಣ್ಣು ಹಾಲಿನಿಂದಲೇ ಅದನ್ನು ಪಡೆಯಬೇಕು. ಮರಿಯ ಕರುಳು ಈ ಅಂಶಗಳನ್ನು ಹೀರಿಕೊಳ್ಳುವುದು ಮೊದಲ 6ರಿಂದ 8 ಗಂಟೆಗಳಲ್ಲಿ ಅತ್ಯಧಿಕ. ನಂತರ ಕುಗ್ಗುತ್ತ ಹೋಗಿ, ಸುಮಾರು 24 ಗಂಟೆಗಳಿಗೆ ಬಾಗಿಲು ಮುಚ್ಚಿದಂತೆ ನಿಂತುಹೋಗುತ್ತದೆ. ಮೊದಲ ದಿನ ತಪ್ಪಿದ ಗಿಣ್ಣನ್ನು ಎರಡನೆಯ ದಿನ ದುಪ್ಪಟ್ಟು ಕುಡಿಸಿದರೂ ಪ್ರಯೋಜನವಿಲ್ಲ.

ಈಯುವ ಮೊದಲೇ ಹಾಲು ಸೋರಿ ಹೋಗುತ್ತಿದ್ದ ಕುದುರೆಯಲ್ಲಿ ಗಿಣ್ಣಿನ ಸತ್ವ ಉಳಿದಿರುವುದಿಲ್ಲ. ಇಂತಹ ಮರಿಗಳು ಮೊದಲ ದಿನ ಚೆನ್ನಾಗಿಯೇ ಓಡಾಡಿ, ಮೂರನೆಯ ನಾಲ್ಕನೆಯ ದಿನ ಕೀಲು ಊತ, ಭೇದಿ, ರಕ್ತದ ಸೋಂಕುಗಳಿಂದ ಕೆಡುತ್ತವೆ. ಮೇಲ್ನೋಟಕ್ಕೆ ಏನೂ ತಿಳಿಯದು. ಆದ್ದರಿಂದ 18ರಿಂದ 24 ಗಂಟೆಗಳ ನಡುವೆ ಮರಿಯ ರಕ್ತದಲ್ಲಿ ಐಜಿಜಿ ಅಂಶವನ್ನು ಪರೀಕ್ಷಿಸುವುದು ಒಳ್ಳೆಯದು. ಪ್ರತಿ ಡೆಸಿಲೀಟರಿಗೆ 800 ಮಿ.ಗ್ರಾಂ. ಮೇಲ್ಪಟ್ಟು ಇದ್ದರೆ ಸಮಾಧಾನ. 400ಕ್ಕಿಂತ ಕಡಿಮೆಯಿದ್ದರೆ ವೈದ್ಯರು ರಕ್ತನಾಳದ ಮೂಲಕ ಪ್ಲಾಸ್ಮಾ ನೀಡಬೇಕಾಗುತ್ತದೆ.

ತಾಯಿಯು ಮರಿಯನ್ನು ಹತ್ತಿರ ಸೇರಿಸದಿದ್ದರೆ, ಒಬ್ಬರು ತಾಯಿಯನ್ನು ಸಮಾಧಾನದಿಂದ ಹಿಡಿದು, ಇನ್ನೊಬ್ಬರು ಮರಿಯನ್ನು ಕೆಚ್ಚಲಿನತ್ತ ಒಯ್ಯಬೇಕು. ಸಾಧ್ಯವಾಗದಿದ್ದಲ್ಲಿ ಗಿಣ್ಣನ್ನು ಕರೆದು ಸೀಸೆಯಲ್ಲಿ ಕುಡಿಸಬಹುದು. 9-10 ಕಿ.ಗ್ರಾಂ. ಮರಿಗೆ ಮೊದಲ ಅರ್ಧ ದಿನದಲ್ಲಿ ಒಟ್ಟು 250ರಿಂದ 400 ಮಿ.ಲೀ. ಗಿಣ್ಣನ್ನು ಸ್ವಲ್ಪ ಸ್ವಲ್ಪವಾಗಿ ನೀಡಬೇಕು. ಮರಿಯ ತಲೆಯನ್ನು ಮೇಲಕ್ಕೆತ್ತಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಚೀಪುವ ಶಕ್ತಿಯಿಲ್ಲದ ಮರಿಗೆ ಬಲವಂತವಾಗಿ ಬಾಯಿಗೆ ಸುರಿಯುವುದು ಕೊಲೆಗೆ ಸಮಾನ. ಅಂತಹ ಮರಿಗೆ ವೈದ್ಯರು ಮೂಗಿನ ನಳಿಕೆಯ ಮೂಲಕ ಹಾಲು ನೀಡುತ್ತಾರೆ. ಮೈ ತಣ್ಣಗಾಗಿರುವ ಮರಿಯನ್ನು ಮೊದಲು ಕಂಬಳಿಯಲ್ಲಿ ಬೆಚ್ಚಗೆ ಮಾಡಿ, ಆಮೇಲೆ ಹಾಲಿನ ಮಾತು. ಮರಿಯ ಸಹಜ ಉಷ್ಣತೆಯು 37.2ರಿಂದ 38.9 ಡಿಗ್ರಿ ಸೆಲ್ಸಿಯಸ್. ಪುಟ್ಟ ದೇಹವು ಬೇಗನೆ ಬಿಸಿ ಕಳೆದುಕೊಳ್ಳುವುದರಿಂದ ಮಳೆಗಾಲದ ರಾತ್ರಿಗಳಲ್ಲಿ ವಿಶೇಷ ನಿಗಾ ಅಗತ್ಯ.

ಮೊದಲ ಲದ್ದಿಯು ಕಪ್ಪಾಗಿ, ಗಟ್ಟಿ ಉಂಡೆಗಳಂತೆ ಇರುತ್ತದೆ. 24 ಗಂಟೆಯೊಳಗೆ ಅದು ಪೂರ್ಣವಾಗಿ ಹೊರಬಂದು ಹಳದಿ ಬಣ್ಣದ ಮೆತ್ತನೆಯ ಲದ್ದಿ ಕಾಣಿಸಬೇಕು. ಮರಿಯು ಬಾಲ ಎತ್ತಿ ಮುಕ್ಕುತ್ತಿದ್ದರೆ, ಹೊಟ್ಟೆ ಉಬ್ಬಿದ್ದರೆ ಅಥವಾ ಹಾಲು ಬಿಟ್ಟರೆ ವೈದ್ಯರ ಸಲಹೆಯಂತೆ ಎನಿಮಾ ನೀಡಿಸಬೇಕು.

ತಾಯಿಯ ಆರೈಕೆ

ಕಸವು ನೇತಾಡುತ್ತಿದ್ದರೆ ತಾಯಿಯು ಅದನ್ನು ತುಳಿಯದಂತೆ ಮೇಲಕ್ಕೆ ಗಂಟು ಹಾಕಿ ಬಿಡಬೇಕು. ಕೈಯಿಂದ ಎಳೆಯುವುದಾಗಲಿ, ಭಾರ ಕಟ್ಟುವುದಾಗಲಿ ಕೂಡದು. ಬಿದ್ದ ಕಸವನ್ನು ಕೂಡಲೇ ಹೂಳದೆ, ಬಕೆಟ್ಟಿನಲ್ಲಿಟ್ಟು ವೈದ್ಯರಿಗೆ ತೋರಿಸಬೇಕು. ಒಂದು ಸಣ್ಣ ಚೂರು ಒಳಗೆ ಉಳಿದರೂ ಗರ್ಭಕೋಶವು ಕೊಳೆತು ಜ್ವರ ಬರುವುದಲ್ಲದೆ, ನಾಲ್ಕೂ ಗೊರಸುಗಳಲ್ಲಿ ಉರಿಯೂತವಾಗಿ ಕುದುರೆಯು ಶಾಶ್ವತವಾಗಿ ಕುಂಟಾಗಬಹುದು. ಈದ ನಂತರ ಒಸಡು ಬೆಳ್ಳಗಾಗಿ, ಮೈ ಬೆವರಿ ನಡುಗಿದರೆ ಒಳಗಿನ ರಕ್ತಸ್ರಾವವೆಂದು ಶಂಕಿಸಿ, ಕುದುರೆಯನ್ನು ಅಲುಗಾಡಿಸದೆ ಕತ್ತಲೆಯ ಶಾಂತ ಜಾಗದಲ್ಲಿ ಇರಿಸಬೇಕು.

ಪುಟ್ಟ ತಳಿಗಳಿಗೂ ತಟ್ಟು, ಕತ್ತೆಗಳಿಗೂ ವಿಶೇಷವಾದ ಮತ್ತೊಂದು ಅಪಾಯವಿದೆ. ತುಂಬು ಗರ್ಭದಲ್ಲಿ ಅಥವಾ ಹಾಲೂಡುವ ಕಾಲದಲ್ಲಿ ಇವು ಮೇವು ಬಿಟ್ಟರೆ, ದೇಹದ ಕೊಬ್ಬು ಕರಗಿ ಒಮ್ಮೆಲೇ ರಕ್ತಕ್ಕೆ ಸೇರಿ, ಯಕೃತ್ತು ಕೆಡುತ್ತದೆ. ಹೈಪರ್‌ಲಿಪೀಮಿಯಾ ಎಂಬ ಈ ಕಾಯಿಲೆಯಲ್ಲಿ ರಕ್ತದ ತಿಳಿಯು ಹಾಲಿನಂತೆ ಬೆಳ್ಳಗಾಗುತ್ತದೆ. ಸಾವಿನ ಸಂಭವ ಹೆಚ್ಚು. ದಪ್ಪಗಿರುವ ಕುದುರೆಗಳಲ್ಲಿಯೇ ಇದು ಅಧಿಕ. ದಪ್ಪವಾಗಿದೆಯೆಂದು ಗರ್ಭದ ಕೊನೆಯ ತಿಂಗಳುಗಳಲ್ಲಿ ಉಪವಾಸ ಕೆಡವುವುದು ತಪ್ಪು ಕ್ರಮ. ಒಂದು ದಿನ ಮೇವು ಮುಟ್ಟದಿದ್ದರೆ ಸಾಕು, ಅದನ್ನು ತುರ್ತು ಸ್ಥಿತಿಯೆಂದೇ ಪರಿಗಣಿಸತಕ್ಕದ್ದು.

ಹಾಲೂಡುವ ಕುದುರೆಗೆ ಒಳ್ಳೆಯ ಒಣ ಹುಲ್ಲು, ಲೂಸರ್ನ್ ಎಂದೂ ಕರೆಯುವ ಕುದುರೆ ಮೆಂತೆ, ಮಿತವಾಗಿ ನೆನೆಸಿದ ಹುರುಳಿ, ಗೋಧಿ ಬೂಸಾ, ಖನಿಜ ಮಿಶ್ರಣ ಹಾಗೂ ಸದಾ ಶುದ್ಧ ನೀರು ದೊರೆಯಬೇಕು. ಮೇವಿನ ಬದಲಾವಣೆಯನ್ನು ಒಂದು ವಾರದಿಂದ ಹತ್ತು ದಿನಗಳಲ್ಲಿ ಹಂತ ಹಂತವಾಗಿ ಮಾಡಬೇಕು.

ಎರಡನೆಯ ವಾರ ಮತ್ತು ಮುಂದೆ

ಮರಿಗೆ 7ರಿಂದ 14 ದಿನಗಳಾದಾಗ ತೆಳುವಾದ ಭೇದಿ ಕಾಣಿಸಿಕೊಳ್ಳುವುದು ಸಾಮಾನ್ಯ. ತಾಯಿಯು ಬೆದೆಗೆ ಬರುವ ಸಮಯವೂ ಅದೇ ಆಗಿರುವುದರಿಂದ ಹಾಲು ಕೆಟ್ಟಿತೆಂದು ಭಾವಿಸುವುದುಂಟು, ಅದು ಸರಿಯಲ್ಲ. ಮರಿಯು ಚುರುಕಾಗಿದ್ದು ಹಾಲು ಕುಡಿಯುತ್ತಿದ್ದರೆ ಹಿಂಭಾಗವನ್ನು ತೊಳೆದು ಒಣಗಿಸುವುದಷ್ಟೇ ಸಾಕು. ಮಂಕಾಗಿದ್ದರೆ, ಜ್ವರವಿದ್ದರೆ ಅಥವಾ ತಾಯಿಯ ಕೆಚ್ಚಲು ತುಂಬಿ ಬಿಗಿದಿದ್ದರೆ ಮರಿಯು ಕುಡಿಯುತ್ತಿಲ್ಲವೆಂದು ತಿಳಿದು ವೈದ್ಯರನ್ನು ಕರೆಸಬೇಕು. ಮರಿಯು ತಾಯಿಯ ಲದ್ದಿಯನ್ನು ತಿನ್ನುವುದು ಸಹಜ ನಡವಳಿಕೆಯಾಗಿದ್ದು ಗಾಬರಿಪಡಬೇಕಾಗಿಲ್ಲ.

ಪುಟ್ಟ ಕುದುರೆಗಳಲ್ಲಿ ವಂಶವಾಹಿ ದೋಷದಿಂದ ಬರುವ ಕುಬ್ಜತೆಯೂ ಉಂಟು. ಎಸಿಎಎನ್ ಎಂಬ ವಂಶವಾಹಿಯಲ್ಲಿನ ದೋಷವನ್ನು ಗಂಡು, ಹೆಣ್ಣು ಎರಡೂ ಹೊತ್ತಿದ್ದರೆ, ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದರಷ್ಟು ಸಂಭವದಲ್ಲಿ ಮರಿಯು ಈ ದೋಷದೊಂದಿಗೆ ಹುಟ್ಟುತ್ತದೆ ಅಥವಾ ಗರ್ಭವೇ ನಿಲ್ಲುವುದಿಲ್ಲ. ದವಡೆ ಸೊಟ್ಟಾಗಿ, ಕಾಲು ಡೊಂಕಾಗಿ ಹುಟ್ಟಿದ ಮರಿಯನ್ನು ಇನ್ನೂ ಚಿಕ್ಕ ತಳಿ ದೊರೆಯಿತೆಂದು ಸಂತಾನಕ್ಕೆ ಬಳಸುವುದು ಸರ್ವಥಾ ಸಲ್ಲದು. ಕೂದಲಿನ ಮಾದರಿಯಿಂದ ಈ ದೋಷವನ್ನು ಪತ್ತೆ ಮಾಡುವ ಪರೀಕ್ಷೆಗಳಿವೆ.

ಜಂತುನಾಶಕವನ್ನು ಮರಿಗೆ ಸುಮಾರು 2 ತಿಂಗಳಿಗೂ, ಲಸಿಕೆಗಳನ್ನು 4ರಿಂದ 6 ತಿಂಗಳಿಗೂ ವೈದ್ಯರ ಸೂಚನೆಯಂತೆ ಆರಂಭಿಸಬೇಕು. ಹಾಲು ಬಿಡಿಸುವುದೂ 4ರಿಂದ 6 ತಿಂಗಳ ನಡುವೆಯೇ. ಲಸಿಕೆ ಹಾಕಿಸದ ತಾಯಿಯ ಮರಿಗೆ ಹುಟ್ಟಿದ ದಿನವೇ ಧನುರ್ವಾಯು ನಿರೋಧಕ ಚುಚ್ಚುಮದ್ದು ಬೇಕಾಗುವುದರಿಂದ ಈ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ತುರ್ತು ಸಂದರ್ಭದಲ್ಲಿ ಹತ್ತಿರದ ಪಶು ಆಸ್ಪತ್ರೆಯನ್ನು ಅಥವಾ ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾಲಯಗಳ ಶುಲ್ಕರಹಿತ ಸಹಾಯವಾಣಿ 1962ನ್ನು ಸಂಪರ್ಕಿಸಬಹುದು. ಕರೆ ಮಾಡುವಾಗ ಕುದುರೆಯ ಅಂದಾಜು ತೂಕ, ನೀರು ಒಡೆದ ಸಮಯ, ಮರಿ ಹುಟ್ಟಿದ ಸಮಯ, ಹಾಲು ಕುಡಿದ ಸಮಯ ಹಾಗೂ ಕಸ ಬಿದ್ದ ಸಮಯವನ್ನು ನೋಟ್ ಪುಸ್ತಕ ನೋಡಿ ತಿಳಿಸುವುದು.