ಹಿತ್ತಲಿನ ಪೆರ್ಗೋಲಕ್ಕೆ ರೀಪುಗಳನ್ನು ಯಾವ ದಿಕ್ಕಿಗೆ ಜೋಡಿಸಬೇಕು?

ಮೂರು ವರ್ಷದ ಹಿಂದೆ ಬೆಂಗಳೂರಿನ ನಮ್ಮ ಮನೆಯ ಹಿತ್ತಲಲ್ಲಿ ನಾವೇ ಒಂದು ಪೆರ್ಗೋಲ ಕಟ್ಟಿದೆವು. ಹತ್ತಡಿ ಉದ್ದ, ಹತ್ತಡಿ ಅಗಲ. ನಾಲ್ಕು ಸರ್ವೆ ಕಂಬ, ಎರಡು ತೊಲೆ, ಅದರ ಮೇಲೆ ಸಾಲಾಗಿ ಮರದ ರೀಪುಗಳು. ನಕ್ಷೆ ಒಂದು ವಿದೇಶಿ ಪುಸ್ತಕದ್ದು. ಅಮ್ಮ ಮಧ್ಯಾಹ್ನ ಊಟವಾದ ಮೇಲೆ ಹಿತ್ತಲಲ್ಲಿ ಕೂತು ಸೊಪ್ಪು ಬಿಡಿಸುತ್ತಾರೆ, ಅವರಿಗೊಂದು ನೆರಳಾಗಲಿ ಎಂಬುದೇ ಉದ್ದೇಶ. ಏಪ್ರಿಲ್ ಬಂತು. ಮೂರು ಗಂಟೆಗೂ ಅಮ್ಮನ ತಲೆಯ ಮೇಲೆ, ಮಡಿಲ ಮೇಲೆ ಬಿಸಿಲಿನ ಪಟ್ಟೆಗಳು. "ಇದಕ್ಕಿಂತ ಕೊಡೆ ಹಿಡ್ಕೊಂಡು ಕೂತ್ರೆ ವಾಸಿ ಕಣ್ರೋ" ಎಂದು ಮೊರ ಎತ್ತಿಕೊಂಡು ಒಳಗೆ ಹೋದರು. ಡಿಸೆಂಬರಿನಲ್ಲಿ ಇನ್ನೊಂದು ತಮಾಷೆ. ಬಿಸಿಲು ಕಾಯಿಸೋಣವೆಂದು ಅಲ್ಲಿ ಕೂತರೆ ಪೂರ್ತಿ ನೆರಳು!

ತಪ್ಪು ಎಲ್ಲಿತ್ತು? ಮರದಲ್ಲೂ ಅಲ್ಲ, ಮೊಳೆಯಲ್ಲೂ ಅಲ್ಲ. ಪುಸ್ತಕದಲ್ಲಿ ಹೇಳಿದಂತೆ ನಾವು ರೀಪುಗಳನ್ನು ಪೂರ್ವ-ಪಶ್ಚಿಮವಾಗಿ ಜೋಡಿಸಿದ್ದೆವು. ಆ ಸಲಹೆ ಆ ದೇಶದ ಮಟ್ಟಿಗೆ ಸರಿಯೇ. ನ್ಯೂಯಾರ್ಕ್ ಸುಮಾರು 41 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಲಂಡನ್ 51 ದಾಟಿದೆ. ಅಲ್ಲಿ ನಡು ಮಧ್ಯಾಹ್ನದ ಸೂರ್ಯ ವರ್ಷದ ಯಾವ ದಿನವೂ ನೆತ್ತಿಯ ಮೇಲೆ ಬರುವುದಿಲ್ಲ, ಸದಾ ದಕ್ಷಿಣಕ್ಕೆ ವಾಲಿಕೊಂಡಿರುತ್ತಾನೆ. ದಕ್ಷಿಣದಿಂದ ಬರುವ ಬಿಸಿಲಿಗೆ ಪೂರ್ವ-ಪಶ್ಚಿಮವಾಗಿ ನಿಂತ ರೀಪು ಅಡ್ಡಗೋಡೆಯಂತೆ ಎದುರಾಗುತ್ತದೆ.

ನಮ್ಮ ಕಥೆ ಬೇರೆ. ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತದ ಕೆಳಗಿದೆ. ಹಾಗಾಗಿ ನಮ್ಮ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ಸಲ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ಮಕ್ಕಳಿಗೆ ತೋರಿಸುತ್ತಾರಲ್ಲ, ಅದೇ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಬರುತ್ತದೆ. ಬೀದರಿನಲ್ಲಿ ಮೊದಲನೆಯದು ಮೇ ಎರಡನೇ ವಾರಕ್ಕೆ ಸರಿಯುತ್ತದೆ. ಈ ಎರಡು ದಿನಗಳ ನಡುವೆ ನಡು ಮಧ್ಯಾಹ್ನದ ಸೂರ್ಯ ನಮಗೆ ತುಸು ಉತ್ತರಕ್ಕೇ ಇರುತ್ತಾನೆ!

ಅಂದರೆ ನಮ್ಮ ಬೇಸಿಗೆಯಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ಟಿ, ನೆತ್ತಿಯ ಮೇಲೆ ಹಾದು, ಪಶ್ಚಿಮಕ್ಕೆ ಇಳಿಯುತ್ತಾನೆ. ರೀಪುಗಳೂ ಪೂರ್ವ-ಪಶ್ಚಿಮವಾಗಿದ್ದರೆ ಅವನು ಇಡೀ ದಿನ ರೀಪುಗಳ ಸಂದಿಯ ಗುಂಟವೇ ನಡೆಯುತ್ತಾನೆ, ರೈಲು ಹಳಿಯ ಗುಂಟ ಹೋದ ಹಾಗೆ. ಲೆಕ್ಕ ಹಾಕಿ ನೋಡಿದೆವು. ರೀಪಿನ ಎತ್ತರ 10 ಸೆಂ.ಮೀ., ಎರಡು ರೀಪುಗಳ ನಡುವೆ ಸಂದಿ 10 ಸೆಂ.ಮೀ. ಎಂದಿಟ್ಟುಕೊಳ್ಳಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೂ ಆ ಸಂದಿಯಲ್ಲಿ ಸುಮಾರು ಒಂದು ಸೆಂಟಿಮೀಟರಿನಷ್ಟು ಮಾತ್ರ ನೆರಳು ಬೀಳುತ್ತದೆ. ಉಳಿದ ಒಂಬತ್ತು ಸೆಂಟಿಮೀಟರಿನಲ್ಲಿ ಬಿಸಿಲು ನೇರ ಒಳಗೆ. ಅದೇ ರೀಪುಗಳು ಡಿಸೆಂಬರಿನಲ್ಲಿ, ಸೂರ್ಯ ದಕ್ಷಿಣಕ್ಕೆ ವಾಲಿರುವಾಗ, ನಡು ಮಧ್ಯಾಹ್ನವೇ ಮುಕ್ಕಾಲು ಭಾಗ ಬಿಸಿಲನ್ನು ತಡೆಯುತ್ತವೆ. ಬೇಡದ ಕಾಲಕ್ಕೆ ನೆರಳು, ಬೇಕಾದ ಕಾಲಕ್ಕೆ ಬಿಸಿಲು.

ಈಗ ಅವನ್ನೇ ಉತ್ತರ-ದಕ್ಷಿಣವಾಗಿ ತಿರುಗಿಸಿ. ಪಶ್ಚಿಮಕ್ಕೆ ಇಳಿಯುವ ಸೂರ್ಯನಿಗೆ ಪ್ರತಿ ರೀಪೂ ಅಡ್ಡ ಬರುತ್ತದೆ. ಅದೇ ಅಳತೆಯಲ್ಲಿ ಏಪ್ರಿಲ್ ಕೊನೆಗೆ ಮೂರೂಕಾಲು, ಮೂರೂವರೆ ಹೊತ್ತಿಗೆ ನೆರಳು ಪೂರ್ತಿಯಾಗುತ್ತದೆ. ಸಂದಿಯನ್ನು 5 ಸೆಂಟಿಮೀಟರಿಗೆ ಇಳಿಸಿದರೆ ಎರಡು ಗಂಟೆ ದಾಟುತ್ತಲೇ ಪೂರ್ತಿ ನೆರಳು. ಹಾಗೆಂದು ಉತ್ಪ್ರೇಕ್ಷೆ ಬೇಡ. ಬೆಂಗಳೂರಿನಲ್ಲಿ ಆ ದಿನಗಳಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂಕಾಲು ದಾಟಿದ ಮೇಲೆ. ಆ ಹೊತ್ತಿನ ಆಚೀಚೆ ಒಂದು ತಾಸು ಯಾವ ದಿಕ್ಕಿನ ರೀಪೂ ನಿಮ್ಮನ್ನು ಕಾಪಾಡುವುದಿಲ್ಲ. ಅದಕ್ಕೆ ಬಳ್ಳಿಯೇ ಬೇಕು. ಆ ಮಾತಿಗೆ ಆಮೇಲೆ ಬರೋಣ.

ನಂಬಿಕೆ ಬಾರದಿದ್ದರೆ ಮರ ಕೊಯ್ಯಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಮುಚ್ಚಳವಿಲ್ಲದ, ತಳ ಕತ್ತರಿಸಿದ ಚಪ್ಪಲಿ ಡಬ್ಬದ ಮೇಲೆ ಹಳೆಯ ಮದುವೆ ಕಾಗದದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಅಂಟಿಸಿ. ಬೇಸಿಗೆಯಲ್ಲಿ ಮೂರು ಗಂಟೆಗೆ ತಾರಸಿಗೆ ಒಯ್ದು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿ ನೋಡಿ.

ರೀಪನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಲು ಇನ್ನೊಂದು ಕಾರಣವೂ ಇದೆ. ಶಾಲೆಯ ಅಡಿಪಟ್ಟಿಯನ್ನು ಮಲಗಿಸಿ ಒತ್ತಿದರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬಾಗುವುದಿಲ್ಲ. ಎರಡಿಂಚು-ನಾಲ್ಕಿಂಚಿನ ಮರ ಮಲಗಿದ್ದಾಗ ಬಾಗುವುದಕ್ಕಿಂತ ನಿಂತಿರುವಾಗ ನಾಲ್ಕನೇ ಒಂದು ಭಾಗದಷ್ಟೇ ಬಾಗುತ್ತದೆ. ಮರ ಅದೇ, ದುಡ್ಡೂ ಅಷ್ಟೇ.

ಪೆರ್ಗೋಲ ಅನ್ನುವುದು ಇಟಾಲಿಯನ್ ಪದ, ಮುಂಚಾಚಿದ ಸೂರು ಎಂಬ ಅರ್ಥದ ಲ್ಯಾಟಿನ್ ಮೂಲದ್ದು. ಹೆಸರು ಹೊಸದಾದರೂ ವಸ್ತು ನಮಗೆ ಹೊಸದಲ್ಲ. ಕರಾವಳಿಯ ಮನೆಗಳ ಬಸಳೆ ಚಪ್ಪರ, ತೊಂಡೆ ಚಪ್ಪರ, ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ಚಪ್ಪರ ಎಲ್ಲವೂ ಇದೇ ಜಾತಿಯವು. ದ್ರಾಕ್ಷಿ ತೋಟದವರು ಮರದ ಬದಲು ಕಲ್ಲುಕಂಬ ನೆಡುವುದೇಕೆ ಎಂದು ನಮಗೆ ಅರ್ಥವಾದದ್ದು ಎರಡನೇ ಮಳೆಗಾಲದಲ್ಲಿ. ನಮ್ಮ ಒಂದು ಕಂಬ ಅಲ್ಲಾಡತೊಡಗಿತು. ಅಗೆದು ನೋಡಿದರೆ ಮಣ್ಣಿನ ಆಳದಲ್ಲಿ ಮರ ಗಟ್ಟಿ, ಮೇಲೆಯೂ ಗಟ್ಟಿ, ನೆಲದ ಮಟ್ಟದಲ್ಲಿ ಮಾತ್ರ ಒಂದು ಗೇಣು ಪುಡಿಪುಡಿ.

ಮರ ಕೊಳೆಯುವುದು ನೀರಿನಿಂದ ಎಂದು ನಾವೆಲ್ಲ ಹೇಳುತ್ತೇವೆ. ಕೊಳೆಸುವುದು ನೀರಲ್ಲ, ಶಿಲೀಂಧ್ರ. ಅದಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಆಳದಲ್ಲಿ ಗಾಳಿ ಕಡಿಮೆ, ಮೇಲೆ ತೇವ ನಿಲ್ಲುವುದಿಲ್ಲ. ಎರಡೂ ಒಟ್ಟಿಗೆ ಸಿಗುವುದು ನೆಲದ ಮಟ್ಟದಲ್ಲಿ. "ಬುಡಕ್ಕೆ ಕಾಂಕ್ರೀಟ್ ಹಾಕಿದ್ದೇವಲ್ಲ, ಇನ್ನೇನು ಭಯ" ಎಂದುಕೊಂಡಿದ್ದೆವು. ನೆಲದ ಮಟ್ಟಕ್ಕಿಂತ ಕೆಳಗೆ ನಿಂತ ಕಾಂಕ್ರೀಟು ಬಟ್ಟಲಿನಂತೆ ಮಳೆನೀರನ್ನು ಹಿಡಿದು ಕಂಬಕ್ಕೆ ಕುಡಿಸುತ್ತಿತ್ತು. ಈಗ ಕಾಂಕ್ರೀಟನ್ನು ನೆಲದಿಂದ ಎರಡಿಂಚು ಮೇಲೆತ್ತಿ, ಹೊರಕ್ಕೆ ಇಳಿಜಾರು ಕೊಟ್ಟು, ಅದರಲ್ಲಿ ಯು ಆಕಾರದ ಕಬ್ಬಿಣದ ಪಟ್ಟಿ ಹೂತು, ಮರದ ತುದಿ ಕಾಂಕ್ರೀಟಿಗೆ ತಾಗದ ಹಾಗೆ ಬೋಲ್ಟ್ ಹಾಕಿದ್ದೇವೆ. ಬುಡಕ್ಕೆ ಹಳೆಯ ಎಂಜಿನ್ ಆಯಿಲ್ ಬಳಿಯಿರಿ ಎಂದು ಹೇಳುವವರು ಸಿಗುತ್ತಾರೆ. ಬಳಿಯಬೇಡಿ. ಬಳಸಿದ ಆಯಿಲ್‌ನಲ್ಲಿ ಲೋಹಗಳ ಅಂಶವಿರುತ್ತದೆ, ಅದೇ ಮಣ್ಣಿನಲ್ಲಿ ನೀವು ತೊಂಡೆ ಬಳ್ಳಿ ಹಬ್ಬಿಸುತ್ತೀರಿ.

ಮರದ ಬದಲು ಬಿದಿರು ಬಳಸುವವರಿಗೆ ಒಂದು ಮಾತು. ಶುಕ್ಲಪಕ್ಷದಲ್ಲಿ ಕಡಿದ ಬಿದಿರಿಗೆ ಹುಳ ಬೀಳುತ್ತದೆ, ಅಮಾವಾಸ್ಯೆಯ ಹತ್ತಿರ ಕಡಿಯಬೇಕು ಎಂಬ ನಂಬಿಕೆ ನಮ್ಮಲ್ಲಿದೆ. ಬಿದಿರು ಕೊರೆಯುವ ಹುಳ ಬರುವುದು ಅದರೊಳಗಿನ ಪಿಷ್ಟ ತಿನ್ನಲು. ಆ ಪಿಷ್ಟದ ಪ್ರಮಾಣ ಬಿದಿರಿನ ವಯಸ್ಸು ಮತ್ತು ಋತುವಿನ ಜೊತೆ ಬದಲಾಗುತ್ತದೆ. ಎಳೆಯ ಬಿದಿರು ಬಿಟ್ಟು ಮೂರು ವರ್ಷ ದಾಟಿದ್ದನ್ನು, ಮಳೆ ಮುಗಿದು ಒಣಹವೆ ಬಂದ ಮೇಲೆ ಕಡಿದು, ಕೆಲವು ವಾರ ನೀರಿನಲ್ಲಿ ನೆನೆಹಾಕಿದರೆ ಹುಳದ ಕಾಟ ಬಹಳ ಕಡಿಮೆಯಾಗುತ್ತದೆ. ಹಿರಿಯರು ನೆನೆಹಾಕುತ್ತಿದ್ದುದು ಸರಿಯಾದ ಕೆಲಸ. ಪಂಚಾಂಗ ನೋಡಬೇಕೆನ್ನುವವರು ನೋಡಲಿ, ತೊಂದರೆಯೇನಿಲ್ಲ.

ಇನ್ನು ಗಾಳಿ. ಪೆರ್ಗೋಲ ಕುಸಿಯುವುದು ಭಾರಕ್ಕೆ ಎಂದು ತಿಳಿದು ದಪ್ಪ ದಪ್ಪ ಕಂಬ ತರುತ್ತೇವೆ. ನಿಜವಾದ ಶತ್ರು ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಮುಂಚಿನ ಬೀಸುಗಾಳಿ. ನಾಲ್ಕು ಕೋಲಿನ ಚೌಕಟ್ಟನ್ನು ಪಕ್ಕದಿಂದ ತಳ್ಳಿದರೆ ಓರೆಯಾಗುತ್ತದೆ. ತ್ರಿಕೋನ ಓರೆಯಾಗುವುದಿಲ್ಲ. ಹಾಗಾಗಿ ಪ್ರತಿ ಕಂಬ ಮತ್ತು ತೊಲೆ ಸೇರುವ ಮೂಲೆಗೆ ಎರಡಡಿಯ ಓರೆಪಟ್ಟಿಯನ್ನು ಬೋಲ್ಟ್ ಹಾಕಿ ಬಿಗಿಯಿರಿ. ಕಂಬ ಕಬ್ಬಿಣದ ಪಟ್ಟಿಯ ಮೇಲೆ ಕೂತಿದ್ದರೆ ಇದು ಬೇಕೇ ಬೇಕು.

ರೀಪುಗಳ ನಡುವೆ ಗಾಳಿ ತೂರಿಹೋಗುತ್ತದೆ. ಆದರೆ ಮಳೆಗೆಂದು ಮೇಲೆ ಪ್ಲಾಸ್ಟಿಕ್ ಶೀಟು ಹೊದಿಸಿದ ಕ್ಷಣ ಅದು ಹಡಗಿನ ಪಟವಾಗುತ್ತದೆ. ಗಂಟೆಗೆ 54 ಕಿ.ಮೀ. ಗಾಳಿ ಒಂದು ಚದರ ಮೀಟರಿನ ಮೇಲೆ ಹಾಕುವ ಒತ್ತಡ ಸುಮಾರು 14 ಕಿಲೋ ತೂಕಕ್ಕೆ ಸಮ. ಹತ್ತಡಿ ಚೌಕದ ಶೀಟಿಗೆ ಅದು ಸುಮಾರು 125 ಕಿಲೋ. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು, ಅಂದರೆ 500 ಕಿಲೋ. ಒಂದಡಿ ಚೌಕ, ಎರಡಡಿ ಆಳದ ಗುಂಡಿಯಲ್ಲಿ ತುಂಬಿದ ಕಾಂಕ್ರೀಟಿನ ತೂಕ ಸುಮಾರು 135 ಕಿಲೋ. ನಾಲ್ಕು ಗುಂಡಿ ಸೇರಿದರೆ 540. ಬೀಸುಗಾಳಿ ಶೀಟನ್ನು ಮೇಲಕ್ಕೆತ್ತಿದರೆ ಹಿಡಿದಿಡಲು ಎಷ್ಟು ಬಾಕಿ ಉಳಿಯಿತೆಂದು ನೀವೇ ಲೆಕ್ಕ ಹಾಕಿ. ಶೀಟು ಬೇಕೇಬೇಕೆಂದರೆ ಇಂಜಿನಿಯರನ್ನು ಕೇಳಿ ಬುನಾದಿ ಹಾಕಿಸಿ. ತೊಲೆಗೆ ಜೋಕಾಲಿ ಕಟ್ಟುವಾಗಲೂ ಅಷ್ಟೇ. 60 ಡಿಗ್ರಿಯಷ್ಟು ಹಿಂದಕ್ಕೆ ಎಳೆದು ಬಿಟ್ಟ ಜೋಕಾಲಿ ಕೆಳಗೆ ಬರುವಾಗ ಕೂತವರ ತೂಕದ ಎರಡರಷ್ಟು ಜಗ್ಗುತ್ತದೆ.

ಶೀಟಿಗಿಂತ ಬಳ್ಳಿ ತಂಪು ಎನ್ನುವುದು ಬರಿಯ ಭಾವನೆಯಲ್ಲ. ನೆರಳಿನ ಕೆಳಗೆ ಗಾಳಿಯ ಉಷ್ಣತೆ ಅಷ್ಟೇನೂ ಇಳಿಯುವುದಿಲ್ಲ, ನಮ್ಮ ಮೈಗೆ ತಾಗುವ ಶಾಖ ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಬಿಸಿಲು ಬೀಳುತ್ತದೆ. ತಗಡಿನ ಶೀಟು ಅದನ್ನು ಹೀರಿ, ಕೈಯಿಟ್ಟರೆ ಸುಡುವಷ್ಟು ಕಾದು, ಕೆಳಗೆ ಕೂತವರ ತಲೆಗೆ ಮತ್ತೆ ಶಾಖ ಸುರಿಯುತ್ತದೆ. ಎಲೆ ಹಾಗಲ್ಲ, ನೀರನ್ನು ಆವಿಯಾಗಿ ಬಿಡುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಹೀರುವ ಶಾಖ 1000 ವಾಟ್ ಹೀಟರು ನಲವತ್ತು ನಿಮಿಷ ಉರಿದಷ್ಟು. ಬುಡಕ್ಕೆ ನೀರು ಇರುವ ತನಕ ಎಲೆಗಳು ತಗಡಿನಂತೆ ಕಾಯುವುದಿಲ್ಲ.

ಮಲ್ಲಿಗೆ ಹಬ್ಬಿಸಿದರೆ ಹೂವಿನ ವಾಸನೆಗೆ ಹಾವು ಬರುತ್ತದೆಂದು ಪಕ್ಕದ ಮನೆಯವರು ಎಚ್ಚರಿಸಿದರು. ಹಾವಿಗೆ ಹೂವಿನಿಂದ ಏನೂ ಆಗಬೇಕಾದ್ದಿಲ್ಲ, ಅದು ಬರುವುದು ಇಲಿ, ಕಪ್ಪೆಗಳ ಬೆನ್ನು ಹತ್ತಿ. ಬುಡದಲ್ಲಿ ಇಟ್ಟಿಗೆ, ಒಣ ತರಗು ರಾಶಿ ಹಾಕದಿದ್ದರೆ ಸಾಕು.

ರೀಪುಗಳನ್ನು ತಿರುಗಿಸಲು ನಮಗೆ ಒಂದು ಭಾನುವಾರ ಹಿಡಿಯಿತು. ತೊಲೆಗಳನ್ನು ಬಿಚ್ಚಿ, ದಿಕ್ಕು ಬದಲಿಸಿ, ಮೂಲೆಗಳನ್ನು ಮೂರಡಿ-ನಾಲ್ಕಡಿ-ಐದಡಿ ದಾರದಿಂದ ಚೌಕಕ್ಕೆ ತಂದು ಮತ್ತೆ ಕೂರಿಸಿದೆವು. ಒಂದು ಕಡೆ ತೊಂಡೆ, ಇನ್ನೊಂದು ಕಡೆ ಮಲ್ಲಿಗೆ. ಈ ಏಪ್ರಿಲ್‌ನಲ್ಲಿ ಅಮ್ಮ ಎರಡೂವರೆಗೆ ಮೊರ ಹಿಡಿದು ಹೊರಗೆ ಬಂದವರು ಐದಕ್ಕೆ ಒಳಗೆ ಹೋದರು. ಈಗ ಅವರ ದೂರು ಬೇರೆ: ತೊಂಡೆಕಾಯಿ ಕೈಗೆ ಎಟುಕುವುದಿಲ್ಲವಂತೆ, ಚಪ್ಪರವನ್ನು ಒಂದಡಿ ತಗ್ಗಿಸಬೇಕಂತೆ.